ತ್ವಾಲ್, ಟಾಯ್ಲೆಟ್, ಟವೆಲ್: ಯಾವುದು ಯಾವುದರ ನೆಂಟ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ ನಡೆಸುತ್ತೇನೆ. ಈಚೆಗೆ ಫ್ಯಾಷನ್ ಡಿಸೈನ್ ತರಗತಿಗೂ ಸೇರಿದ್ದೇನೆ. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವ ಮಾದರಿಯನ್ನು ನಮ್ಮ ಮೇಡಂ ‘ಟಾಯ್ಲ್’ ಎನ್ನುತ್ತಾರೆ. ಪರದೆ ಬಟ್ಟೆಯ ಅಂಗಡಿಯವರು ಬಿಳಿ ಬಟ್ಟೆಯ ಮೇಲೆ ನೀಲಿಯಲ್ಲಿ ಕುರಿ ಕಾಯುವ ಹುಡುಗಿ, ಮರ, ಮಂಟಪಗಳನ್ನು ಅಚ್ಚು ಹಾಕಿದ್ದನ್ನು ತೋರಿಸಿ ಅದೂ ‘ಟಾಯ್ಲ್’ ಎನ್ನುತ್ತಾರೆ. ಇದು ಫ್ರೆಂಚ್ ಪದವಂತೆ. ಟಾಯ್ಲೆಟ್ ಇದರಿಂದಲೇ ಬಂತೆಂದು ಮಗಳು ನಗುತ್ತಾಳೆ. ಹಾಗಾದರೆ ಟವೆಲ್ ಕೂಡ ಇದರಿಂದಲೇ ಬಂದಿರಬೇಕೆಂದು ನನ್ನ ಊಹೆ. ಇದರಲ್ಲಿ ನಿಜವೆಷ್ಟು? ಸರಿಯಾದ ಅರ್ಥ ಯಾವುದು, ಉಚ್ಚಾರ ಹೇಗೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ, ನಿಮ್ಮ ಊಹೆ ನಿಜವಲ್ಲ. ಟಾಯ್ಲೆಟ್ ಈ ಪದದ ಹೊಟ್ಟೆಯಲ್ಲಿ ಹುಟ್ಟಿದ್ದು. ಟವೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮೇಡಂ ಹೇಳುವ ಅರ್ಥ, ಪರದೆ ಅಂಗಡಿಯವರು ಹೇಳುವ ಅರ್ಥ ಎರಡೂ ಸರಿಯೇ. ಆದರೆ ಎರಡೂ ತೀರ ಈಚಿನವು, ಅದರ ಮೂಲ ಅರ್ಥ ಎರಡರಲ್ಲೂ ಇಲ್ಲ.

ಮೊದಲು ಉಚ್ಚಾರದ ವಿಷಯ ಮುಗಿಸೋಣ. ಇದು ‘ಟಾಯ್ಲ್’ ಅಲ್ಲ, ‘ತ್ವಾಲ್’. ಫ್ರೆಂಚರ ‘ತ’ಕಾರ ನಮ್ಮ ‘ತ’ದಂತೆ ಹಲ್ಲಿಗೆ ತಾಗುತ್ತದೆ, ‘ಟ’ದಂತೆ ಅಂಗುಳಕ್ಕಲ್ಲ. ಇಂಗ್ಲಿಷಿನವರು ಬರೆದು ತೋರಿಸಲಾರದ್ದನ್ನು ಕನ್ನಡ ಲಿಪಿ ಒಂದೇ ಒತ್ತಕ್ಷರದಲ್ಲಿ ತೋರಿಸಿಬಿಡುತ್ತದೆ. ಬರವಣಿಗೆಯಲ್ಲಿ ‘ಓ’ ಮತ್ತು ‘ಐ’ ಅಕ್ಷರಗಳು ಜೊತೆಯಾಗಿ ಬಂದಲ್ಲಿ ಫ್ರೆಂಚಿನಲ್ಲಿ ಸಾಮಾನ್ಯವಾಗಿ ‘ವಾ’ ಎಂದು ಓದಬೇಕು. ಈ ನಿಯಮ ತಿಳಿದರೆ ನಿಮ್ಮ ಅಂಗಡಿಯ ಇನ್ನೊಂದು ಹೆಸರೂ ಬಿಡಿಸಿಕೊಳ್ಳುತ್ತದೆ. ನಮ್ಮಲ್ಲಿ ‘ವಾಯಿಲ್ ಸೀರೆ’ ಎನ್ನುತ್ತೇವಲ್ಲ, ಆ ವಾಯಿಲ್ ಫ್ರೆಂಚಿನಲ್ಲಿ ‘ವ್ವಾಲ್’. ಮುಸುಕು ಎಂದು ಅದರ ಅರ್ಥ, ಲ್ಯಾಟಿನ್ನಿನ ‘ವೇಲುಮ್’ ಅದರ ಮೂಲ. ತ್ವಾಲ್ ಮತ್ತು ವ್ವಾಲ್ ಪ್ರಾಸ ಕೂಡುತ್ತವೆ, ಎರಡೂ ಬಟ್ಟೆಗೆ ಸಂಬಂಧಿಸಿದವು, ಆದರೆ ಹುಟ್ಟು ಬೇರೆ ಬೇರೆ.

ತ್ವಾಲ್‌ನ ಮೂಲ ಲ್ಯಾಟಿನ್ನಿನ ‘ತೇಲಾ’. ನೇಯ್ದ ಬಟ್ಟೆ, ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು, ಜೇಡನ ಬಲೆ ಇವೆಲ್ಲಕ್ಕೂ ರೋಮನರು ಅದೊಂದೇ ಮಾತನ್ನು ಬಳಸುತ್ತಿದ್ದರು. ಇಟಲಿ ಮತ್ತು ಸ್ಪೇನ್‌ನಲ್ಲಿ ಇಂದಿಗೂ ಅದು ‘ತೇಲಾ’ ಆಗಿಯೇ ಉಳಿದಿದೆ. ಫ್ರಾನ್ಸಿನಲ್ಲಿ ಮಾತ್ರ ದೀರ್ಘ ‘ಏ’ಕಾರ ಮೊದಲು ‘ಎಯ್’ ಆಗಿ, ಆಮೇಲೆ ‘ಓಯ್’ ಆಗಿ, ‘ವೆ’ ಆಗಿ, ಕೊನೆಗೆ ‘ವಾ’ ಎಂಬಲ್ಲಿಗೆ ಬಂದು ನಿಂತಿತು. ರಾಜ ಎಂಬ ಅರ್ಥದ ‘ರ್ವಾ’, ಕಾನೂನು ಎಂಬ ಅರ್ಥದ ‘ಲ್ವಾ’ ಕೂಡ ಇದೇ ದಾರಿಯಲ್ಲಿ ಬಂದವು. ಈ ಕೊನೆಯ ‘ವಾ’ ಪ್ಯಾರಿಸ್ಸಿನ ಸಾಮಾನ್ಯ ಜನರ ಉಚ್ಚಾರ. 1789ರ ಕ್ರಾಂತಿಯ ತನಕ ಅರಮನೆಯವರ ಬಾಯಲ್ಲಿ ‘ವೆ’ ಇತ್ತು. ಕ್ರಾಂತಿಯಲ್ಲಿ ಅರಮನೆಯ ಜೊತೆ ಅರಮನೆಯ ಉಚ್ಚಾರವೂ ಹೋಯಿತು.

ತೇಲಾದ ಹಿಂದೆ ಇರುವ ಕ್ರಿಯಾಪದ ‘ತೆಕ್ಸೆರೆ’, ನೇಯುವುದು. ಟೆಕ್ಸ್‌ಟೈಲ್, ಟೆಕ್ಸ್ಟ್, ಫ್ರೆಂಚರ ‘ತಿಸ್ಸು’, ನಾವು ಕೈ ಒರೆಸಿ ಎಸೆಯುವ ಟಿಶ್ಯೂ ಎಲ್ಲವೂ ಇದರ ಸಂತಾನ. ಇದರ ದಾಯಾದಿ ನಮ್ಮ ಮನೆಯಲ್ಲೂ ಇದ್ದಾನೆ. ಸಂಸ್ಕೃತದ ‘ತಕ್ಷ್’ ಧಾತು ಇದೇ ಬೇರಿನದು, ಕಡಿದು ಕೆತ್ತಿ ರೂಪಿಸುವುದು ಎಂದು ಅದರ ಅರ್ಥ. ತಕ್ಷಕ ಎಂದರೆ ಪರೀಕ್ಷಿತನನ್ನು ಕಚ್ಚಿದ ಹಾವು ಮಾತ್ರ ನಮಗೆ ನೆನಪಾಗುತ್ತದೆ, ಬಡಗಿಗೂ ಅದೇ ಹೆಸರು. ಗ್ರೀಕರ ‘ತೆಕ್ತೋನ್’ ಕೂಡ ಬಡಗಿಯೇ. ಕೈಚಳಕದಿಂದ ಜೋಡಿಸಿ ಮಾಡುವ ಕೆಲಸಕ್ಕೆ ಇದ್ದ ಒಂದು ಮಾತು ಇಲ್ಲಿ ಮತ್ತು ಗ್ರೀಸಿನಲ್ಲಿ ಮರಗೆಲಸಕ್ಕೆ ನಿಂತಿತು, ರೋಮಿನಲ್ಲಿ ಮಗ್ಗಕ್ಕೆ ಹೋಯಿತು.

ಇನ್ನು ಮೂಲ ಅರ್ಥ. ಹಳೆಯ ಫ್ರಾನ್ಸಿನ ವ್ಯಾಪಾರಿಗೆ ಬಟ್ಟೆಯಲ್ಲಿ ಎರಡು ದೊಡ್ಡ ಜಾತಿ. ಉಣ್ಣೆಯದು ‘ದ್ರಾ’, ನಾರಿನದು ‘ತ್ವಾಲ್’. ನಾರು ಎಂದರೆ ಅಗಸೆ ಗಿಡದ್ದು, ಅಂದರೆ ಲಿನನ್, ಇಲ್ಲವೇ ಹೆಂಪ್, ಅಂದರೆ ಗಾಂಜಾ ಕುಲದ ಗಿಡದ್ದು. ಹತ್ತಿ ಆಮೇಲೆ ಬಂದು ಸೇರಿಕೊಂಡಿತು. ನೇಯ್ಗೆಯವರಿಗೆ ಇದಕ್ಕಿಂತ ಬಿಗಿಯಾದ ಅರ್ಥವೂ ಇದೆ. ಹಾಸಿನ ಒಂದೆಳೆಯ ಮೇಲೆ, ಮುಂದಿನೆಳೆಯ ಕೆಳಗೆ, ಮತ್ತೆ ಮೇಲೆ ಎಂದು ಹೊಕ್ಕು, ಅಂದರೆ ಅಡ್ಡ ಎಳೆ, ಸಾಗುವ ಸಾದಾ ನೇಯ್ಗೆಗೆ ಅವರು ಇಂದಿಗೂ ‘ತ್ವಾಲ್ ನೇಯ್ಗೆ’ ಎನ್ನುತ್ತಾರೆ. ಓರೆಗೆರೆ ಮೂಡುವ ಟ್ವಿಲ್ ಮತ್ತು ನುಣುಪಾದ ಸ್ಯಾಟಿನ್ ಉಳಿದೆರಡು. ನಿಮ್ಮ ಕೋರಾ ಬಟ್ಟೆಯ ಒಂದಂಗುಲವನ್ನು ಭೂತಗನ್ನಡಿಯಲ್ಲಿ ನೋಡಿ, ಎಳೆಗಳು ಚದುರಂಗದ ಹಲಗೆಯ ಹಾಗೆ ಕೂತಿರುತ್ತವೆ. ಅದು ಅಪ್ಪಟ ತ್ವಾಲ್.

ಈ ಸಾದಾ, ಗಟ್ಟಿ, ಅಗ್ಗದ ಬಟ್ಟೆ ಎಲ್ಲ ಕಡೆಯೂ ಬೇಕಾಗಿತ್ತು. ಹಾಗಾಗಿ ಎಲ್ಲ ಕಡೆಯೂ ಅದರ ಹೆಸರು ಅಂಟಿಕೊಂಡಿತು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಲೊಕ್ರೊನಾನ್ ಎಂಬ ಪುಟ್ಟ ಊರು ಹೆಂಪ್‌ನ ಹಾಯಿಬಟ್ಟೆ ನೇಯ್ದೇ ಸಿರಿವಂತವಾಯಿತು. ಅಲ್ಲಿನ ಕಲ್ಲಿನ ಮನೆಗಳು ಆ ದುಡ್ಡಿನಲ್ಲಿ ಎದ್ದವು. ಸಮೀಪದ ಪೂಲ್ದಾವಿದ್ ಬಂದರಿನ ಹೆಸರನ್ನು ಇಂಗ್ಲಿಷ್ ನಾವಿಕರು ‘ಪೋಲ್ಡೇವಿ’ ಎಂದು ತಿರುಚಿ ಒರಟು ಹಾಯಿಬಟ್ಟೆಗೆ ಇಟ್ಟರು. ಬೇಟೆಗಾರರು ಕಾಡಿನಲ್ಲಿ ಕಟ್ಟುತ್ತಿದ್ದ ಬಲೆಯೂ ತ್ವಾಲ್. ನಾಟಕದ ಪರದೆಯೂ ತ್ವಾಲ್. ಚಿತ್ರಕಾರ ಮರದ ಹಲಗೆ ಬಿಟ್ಟು ಬಿಗಿದ ಬಟ್ಟೆಯ ಮೇಲೆ ಬರೆಯತೊಡಗಿದ ಮೇಲೆ ವರ್ಣಚಿತ್ರವೂ ತ್ವಾಲ್ ಆಯಿತು. ‘ಸಿನಿಮಾಕ್ಕೆ ಹೋಗೋಣ’ ಎನ್ನಲು ಫ್ರೆಂಚರು ಆಡುಮಾತಿನಲ್ಲಿ ‘ಒಂದು ತ್ವಾಲ್ ಮಾಡೋಣ’ ಎನ್ನುತ್ತಾರೆ.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ, ‘ಪಟ’ ನಮ್ಮಲ್ಲಿ ಇದೇ ಕೆಲಸ ಮಾಡಿದೆ. ಸಂಸ್ಕೃತದಲ್ಲಿ ಪಟ ಎಂದರೆ ಬಟ್ಟೆ. ಬಟ್ಟೆಯ ಮೇಲೆ ಬರೆದ ಚಿತ್ರ ಪಟವಾಯಿತು, ಹಡಗಿನ ಹಾಯಿ ಪಟವಾಯಿತು, ಮಕ್ಕಳು ಹಾರಿಸುವುದು ಗಾಳಿಪಟವಾಯಿತು. ಈಗ ಗೋಡೆಗೆ ತೂಗುಹಾಕಿದ ದೇವರ ಪಟದಲ್ಲಿ ಕಾಗದ, ಗಾಜು, ಮರದ ಚೌಕಟ್ಟು ಇರುತ್ತವೆ, ನೂಲಿನ ಒಂದೆಳೆಯೂ ಇರುವುದಿಲ್ಲ. ಹೆಸರನ್ನು ಕೊಟ್ಟ ಬಟ್ಟೆ ಜಾರಿಹೋಗಿ ಹೆಸರು ಮಾತ್ರ ಪಕ್ಕದ ವಸ್ತುವಿನ ಪಾಲಾಗುವುದು ತ್ವಾಲ್‌ನ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆದಿದೆ. ಅದರ ತುದಿ ಮುಟ್ಟಿದ ಉದಾಹರಣೆಯೇ ಟಾಯ್ಲೆಟ್.

ತ್ವಾಲ್‌ಗೆ ‘ಪುಟ್ಟದು’ ಎಂಬ ಅರ್ಥ ಕೊಡುವ ಪ್ರತ್ಯಯ ಸೇರಿಸಿದರೆ ‘ತ್ವಾಲೆತ್’, ಬಟ್ಟೆಯ ತುಂಡು. ಹದಿನಾಲ್ಕನೆಯ ಶತಮಾನದಿಂದಲೇ ಈ ಪದ ಸಿಗುತ್ತದೆ. ದರ್ಜಿಗಳು, ಬಟ್ಟೆ ವ್ಯಾಪಾರಿಗಳು ಸರಕಿಗೆ ಧೂಳು ತಾಗದಂತೆ ಸುತ್ತುತ್ತಿದ್ದ ಹೊದಿಕೆ ಬಟ್ಟೆ ಅದು. ನೀವೂ ಗಿರಾಕಿಯ ರೇಷ್ಮೆ ಸೀರೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಡುತ್ತೀರಿ ತಾನೆ? ಆ ಪಂಚೆಯೇ ತ್ವಾಲೆತ್. ಸಿರಿವಂತರ ಹಳೆಯ ಉಡುಪು, ಕಸೂತಿ, ಆಭರಣಗಳನ್ನು ಗಂಟು ಕಟ್ಟಿಕೊಂಡು ಮನೆಮನೆಗೆ ಬಂದು ಮಾರುವ ಹೆಂಗಸರಿಗೆ ಪ್ಯಾರಿಸ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ತನಕವೂ ‘ತ್ವಾಲೆತ್ತಿನ ವ್ಯಾಪಾರದವಳು’ ಎಂಬ ಹೆಸರಿತ್ತು. ಅವಳ ಗುಟ್ಟಿನ ಕಸುಬು ಸಾಲ ಕೊಡುವುದು. ಆ ಕಾಲದ ಕಾದಂಬರಿಗಳಲ್ಲಿ ಅವಳು ಬಂದಳೆಂದರೆ ಯಾವುದೋ ಮನೆ ಮುಳುಗಿತೆಂದೇ ಲೆಕ್ಕ.

ಹದಿನಾರನೆಯ ಶತಮಾನದ ಹೊತ್ತಿಗೆ ಈ ತುಂಡು ಮೇಜಿಗೆ ಏರಿತು. ಬಾಚಣಿಗೆ, ಕನ್ನಡಿ, ಪುಡಿಯ ಡಬ್ಬಿ, ಸುಗಂಧದ ಶೀಸೆ ಇಡುವ ಮೊದಲು ಮೇಜಿನ ಮೇಲೆ ಒಂದು ಬಟ್ಟೆ ಹಾಸುತ್ತಿದ್ದರು. ಸಿರಿವಂತರಲ್ಲಿ ಅದು ಲೇಸಿನದೋ ರೇಷ್ಮೆಯದೋ ಆಗಿ ನೆಲದವರೆಗೆ ಇಳಿಬೀಳುತ್ತಿತ್ತು. ಹದಿನೇಳನೆಯ ಶತಮಾನದ ಕೊನೆಯ ಫ್ರೆಂಚ್ ನಿಘಂಟುಗಳಲ್ಲಿ ತ್ವಾಲೆತ್ ಎಂದರೆ ಇನ್ನೂ ಮೊದಲಿಗೆ ಈ ಹಾಸುಬಟ್ಟೆಯೇ. ಆದರೆ ಹೆಸರು ಆಗಲೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಟ್ಟೆಯ ಮೇಲಿನ ಸಾಮಾನು ತ್ವಾಲೆತ್ ಆಯಿತು, ಬಟ್ಟೆಯ ಕೆಳಗಿನ ಮೇಜು ತ್ವಾಲೆತ್ ಆಯಿತು, ಆ ಮೇಜಿನ ಮುಂದೆ ಕೂತು ಮುಖ ತೊಳೆದು ತಲೆ ಬಾಚಿ ಉಡುವ ಕೆಲಸವೂ ತ್ವಾಲೆತ್ ಆಯಿತು, ಕೊನೆಗೆ ಉಟ್ಟ ಉಡುಪೂ ಅದೇ ಆಯಿತು. ಹದಿನೆಂಟನೆಯ ಶತಮಾನದಲ್ಲಿ ದೊಡ್ಡ ಮನೆಯ ಹೆಂಗಸರ ತ್ವಾಲೆತ್ ಒಂದು ಸಭೆಯೇ ಆಗಿತ್ತು. ಅಲಂಕಾರ ಮುಗಿಯುವ ಹೊತ್ತಿಗೆ ಅರ್ಜಿದಾರರು, ಸಂಗೀತಗಾರರು, ಪಾದ್ರಿಗಳು ಕೋಣೆಯಲ್ಲಿ ಸೇರುತ್ತಿದ್ದರು. ತಲೆ ಕಡಿಯುವ ಯಂತ್ರವಾದ ಗಿಲೊಟಿನ್ನಿಗೆ ಹೋಗುವವನ ಕುತ್ತಿಗೆಯ ಕೂದಲನ್ನೂ ಅಂಗಿಯ ಕಾಲರನ್ನೂ ಕತ್ತರಿಸುವ ಕ್ರಿಯೆಗೂ ‘ಅಪರಾಧಿಯ ತ್ವಾಲೆತ್’ ಎಂದೇ ಹೆಸರಾಯಿತು. ಅಲ್ಲಿಯೂ ಪದದ ಅರ್ಥ ಅಣಿಗೊಳಿಸುವುದು ಎಂದೇ.

ಇಂಗ್ಲಿಷರು ಪದವನ್ನು ಕೊಂಡೊಯ್ದು ಟಾಯ್ಲೆಟ್ ಎಂದರು. ಬಹಳ ಕಾಲ ಅವರಿಗೂ ಅದು ಸಿಂಗಾರವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಉಡುವ, ತೊಳೆಯುವ ಕೋಣೆಗೆ ಆ ಹೆಸರು ಬಂತು. ಅದೇ ಕೋಣೆಗೆ, ಮುಖ್ಯವಾಗಿ ಅಮೆರಿಕದಲ್ಲಿ, ನೀರಿನ ಕಕ್ಕಸು ಬಂದು ಕೂತಿತು. ನೇರವಾಗಿ ಹೆಸರು ಹೇಳಲು ನಾಚುವವರು ಕೋಣೆಯ ಹೆಸರನ್ನೇ ಅದಕ್ಕೆ ದಾಟಿಸಿದರು. ಫ್ರಾನ್ಸಿನಲ್ಲಿ ಈಗ ಏಕವಚನದಲ್ಲಿ ಹೇಳಿದರೆ ಸಿಂಗಾರ ಅಥವಾ ಸ್ನಾನ, ಬಹುವಚನದಲ್ಲಿ ಹೇಳಿದರೆ ಶೌಚಾಲಯ. ಬೆಲ್ಜಿಯಂನವರು ಶೌಚಾಲಯಕ್ಕೂ ಏಕವಚನವನ್ನೇ ಬಳಸುತ್ತಾರೆ. ಪರಊರಿನ ಹೆಸರಿನ ಹಿಂದೆ ಅವಿತುಕೊಳ್ಳುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. ‘ಕಕ್ಕಸು’ ಡಚ್ಚರ ‘ಕಾಕ್‌ಹೌಸ್’ನಿಂದ ಬಂದದ್ದು. ಕರೆಂಟಿಲ್ಲದ ಹಿತ್ತಲಲ್ಲಿ ಡಚ್ಚರು, ಟೈಲ್ಸ್ ಹಾಕಿದ ಬಾತ್‌ರೂಮಿನಲ್ಲಿ ಫ್ರೆಂಚರು.

ಟವೆಲ್‌ನದು ಬೇರೆಯೇ ವಂಶ. ಜರ್ಮನ್ ಕುಲದ ಭಾಷೆಗಳಲ್ಲಿ ತೊಳೆಯುವುದು ಎಂಬ ಅರ್ಥದ ಒಂದು ಮಾತಿತ್ತು. ಅದರಿಂದ ಹಳೆಯ ಫ್ರೆಂಚಿನಲ್ಲಿ ‘ತುವಾಯ್’ಗೆ ಹತ್ತಿರದ ಪದವಾಗಿ, ಇಂಗ್ಲಿಷಿಗೆ ಹೋಗಿ ಟವೆಲ್ ಆಯಿತು. ಪೋರ್ಚುಗೀಸರು ಅದೇ ಮೂಲದ್ದನ್ನು ‘ತುವಾಲ್ಯ’ ಎಂದರು. ಅದು ಗೋವೆಯ ದಾರಿಯಾಗಿ ಬಂದು ನಮ್ಮ ಹಿರಿಯರ ಬಾಯಲ್ಲಿ ‘ತುವಾಲು’ ಆಯಿತು. ಹಾಗಾಗಿ ತುವಾಲು ಮತ್ತು ಟವೆಲ್ ಅಣ್ಣತಮ್ಮಂದಿರು, ಒಬ್ಬ ಪೋರ್ಚುಗೀಸರ ಹಡಗಿನಲ್ಲಿ ಬಂದ, ಇನ್ನೊಬ್ಬ ಇಂಗ್ಲಿಷರ ಹಡಗಿನಲ್ಲಿ. ತ್ವಾಲ್‌ನಂತೆ ಕೇಳಿಸುವುದು ಬರೀ ಆಕಸ್ಮಿಕ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ಅದಕ್ಕೂ ಉಡುವ ಬಟ್ಟೆಗೂ ಗಂಟು ಹಾಕಲು ಹೊರಟರೆ ಎಷ್ಟು ದಿಕ್ಕು ತಪ್ಪುತ್ತೇವೋ ಇಲ್ಲಿಯೂ ಅಷ್ಟೇ. ಫ್ರೆಂಚಿನಲ್ಲಿ ನಕ್ಷತ್ರಕ್ಕೆ ‘ಎತ್ವಾಲ್’ ಎನ್ನುತ್ತಾರೆ. ಆಕಾಶಕ್ಕೆ ಹರಡಿದ ಬಟ್ಟೆ ಎಂದು ಅದನ್ನು ಕವಿತ್ವದಿಂದ ಬಿಡಿಸುವವರಿದ್ದಾರೆ. ನಂಬಬೇಡಿ, ಅದರ ಮೂಲ ಲ್ಯಾಟಿನ್ನಿನ ‘ಸ್ತೆಲ್ಲಾ’. ಇಂಗ್ಲಿಷಿನಲ್ಲಿ ಬೇಟೆಯ ಬಲೆ ಎಂಬ ಅರ್ಥದ ‘ಟಾಯ್ಲ್ಸ್’ ತ್ವಾಲ್‌ನಿಂದ ಬಂದದ್ದು ನಿಜ, ಆದರೆ ಬೆವರು ಸುರಿಸಿ ದುಡಿಯುವುದು ಎಂಬ ಅರ್ಥದ ‘ಟಾಯ್ಲ್’ ಬೇರೆ.

ಈಗ ಪರದೆ ಅಂಗಡಿಯ ಕುರಿ ಕಾಯುವ ಹುಡುಗಿಯ ಕಡೆ ಬರೋಣ. ಆ ಬಟ್ಟೆಯ ಪೂರ್ಣ ಹೆಸರು ‘ತ್ವಾಲ್ ದ ಜೂಯಿ’, ಅಂದರೆ ಜೂಯಿ ಊರಿನ ಬಟ್ಟೆ. ಇದರ ಕಥೆಗೆ ನಮ್ಮ ದೇಶದ ಪೂರ್ವ ಕರಾವಳಿಯೇ ಮೂಲ. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಬಣ್ಣದ ಹತ್ತಿ ಬಟ್ಟೆ, ನಮ್ಮ ಅಜ್ಜಿಯರು ‘ಚೀಟಿ ಬಟ್ಟೆ’ ಎನ್ನುತ್ತಿದ್ದಂಥದ್ದು, ಫ್ರಾನ್ಸಿಗೆ ಹಡಗುಗಟ್ಟಲೆ ಹೋಗಿ ಇಳಿಯಿತು. ಅಲ್ಲಿನವರು ಅದನ್ನು ‘ಬಣ್ಣ ಬರೆದ ತ್ವಾಲ್’ ಎಂದೂ ಚುಟುಕಾಗಿ ‘ಅಂದಿಯೆನ್’, ಭಾರತದ್ದು, ಎಂದೂ ಕರೆದರು. ಒಗೆದರೂ ಬಣ್ಣ ಹೋಗದ, ಹಗುರಾದ, ಅಗ್ಗದ ಬಟ್ಟೆ ಕಂಡು ಜನ ಮುಗಿಬಿದ್ದರು. ರೇಷ್ಮೆ ಮತ್ತು ಉಣ್ಣೆಯ ನೇಕಾರರು ಕಂಗಾಲಾದರು. 1686ರಲ್ಲಿ ಹದಿನಾಲ್ಕನೆಯ ಲೂಯಿಯ ಸರ್ಕಾರ ಇಂಥ ಬಟ್ಟೆಯ ಆಮದನ್ನೂ ಫ್ರಾನ್ಸಿನಲ್ಲಿ ಅಚ್ಚು ಹಾಕುವುದನ್ನೂ ನಿಷೇಧಿಸಿತು. ನಿಷೇಧ 1759ರ ತನಕ ನಡೆಯಿತು, ಕಳ್ಳಸಾಗಣೆಯೂ ಅಷ್ಟೇ ಕಾಲ ನಡೆಯಿತು.

ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಗುಟ್ಟು ತಿಳಿಯುವ ಹಂಬಲ. ಬೋಲ್ಯೂ ಎಂಬ ನೌಕಾ ಅಧಿಕಾರಿ 1734ರ ಸುಮಾರಿಗೆ ಪಾಂಡಿಚೇರಿಯಲ್ಲಿ ಬಣ್ಣಗಾರರ ಕೆಲಸವನ್ನು ಹಂತ ಹಂತವಾಗಿ ಬರೆದುಕೊಂಡು, ಪ್ರತಿ ಹಂತದ ಬಟ್ಟೆಯ ತುಂಡನ್ನೂ ಜೊತೆಗಿಟ್ಟ. 1742ರಲ್ಲಿ ಕೆರ್ದು ಎಂಬ ಜೆಸ್ವಿಟ್ ಪಾದ್ರಿ ಅಲ್ಲಿನ ಕ್ರೈಸ್ತ ಬಣ್ಣಗಾರರನ್ನು ಕೇಳಿ ತಿಳಿದು ಒಂದು ಉದ್ದನೆಯ ಪತ್ರವನ್ನು ಊರಿಗೆ ಕಳಿಸಿದ. ಅಳಲೆಕಾಯಿ ಅರೆದು ಎಮ್ಮೆಯ ಹಾಲಿನಲ್ಲಿ ಕದಡಿ ಬಟ್ಟೆಯನ್ನು ಅದರಲ್ಲಿ ಅದ್ದುವುದರಿಂದ ಕೆಲಸ ಶುರು. ಹಾಲಿನ ಜಿಡ್ಡು ಗೆರೆ ಹರಡದಂತೆ ತಡೆಯುತ್ತದೆ, ಅಳಲೆಯ ಒಗರು ಬಣ್ಣ ಕಚ್ಚಲು ನೆರವಾಗುತ್ತದೆ. ಆಮೇಲೆ ಕಬ್ಬಿಣದ ನೀರಿನಿಂದ ಗೆರೆ ಎಳೆದಲ್ಲಿ ಕಪ್ಪು, ಪಟಿಕದ ನೀರು ಬಳಿದಲ್ಲಿ ಬೇರಿನ ಕಷಾಯದಲ್ಲಿ ಕುದಿಸಿದಾಗ ಕೆಂಪು. ಗುಟ್ಟು ಇದ್ದದ್ದು ಇಲ್ಲಿಯೇ. ಬಟ್ಟೆಯ ಮೇಲೆ ಬರೆಯುವುದು ಬಣ್ಣವನ್ನಲ್ಲ, ಬಣ್ಣ ಹಿಡಿಸುವ ಉಪ್ಪನ್ನು.

ಈ ಪಾದ್ರಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ತೆಲುಗು, ಸಂಸ್ಕೃತ ಕಲಿತಿದ್ದ ಈತನೇ 1767ರ ಸುಮಾರಿಗೆ ಪ್ಯಾರಿಸ್ಸಿನ ಪಂಡಿತರಿಗೆ ಇನ್ನೊಂದು ಬರಹ ಕಳಿಸಿ, ಸಂಸ್ಕೃತದ ‘ದಾನಂ’ ಮತ್ತು ಲ್ಯಾಟಿನ್ನಿನ ‘ದೋನುಮ್’, ‘ವಿಧವಾ’ ಮತ್ತು ‘ವಿದುವಾ’ ಹೀಗೆ ಹೋಲುವುದೇಕೆ, ಇವು ಒಂದೇ ಮೂಲದವಿರಬೇಕಲ್ಲ ಎಂದು ವಾದಿಸಿದ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಅಲ್ಲಿ ಇದೇ ಮಾತು ಆಡಿ ಹೆಸರು ಮಾಡಿದ್ದು 1786ರಲ್ಲಿ. ಕೆರ್ದುವಿನ ಬರಹ ಅಚ್ಚಾಗಲು 1808ರ ತನಕ ಕಾಯಬೇಕಾಯಿತು, ಅಷ್ಟರಲ್ಲಿ ಅವನು ತೀರಿಹೋಗಿ ಮೂರು ದಶಕ ಸಮೀಪಿಸಿತ್ತು. ತಕ್ಷ್ ಮತ್ತು ತೆಕ್ಸೆರೆ ನೆಂಟರೆಂದು ಇವತ್ತು ನಾವು ಸಲೀಸಾಗಿ ಹೇಳುವ ವಿದ್ಯೆಗೆ ದಾರಿ ತೋರಿದವರಲ್ಲಿ ಬಟ್ಟೆ ಬಣ್ಣದ ಪತ್ರ ಬರೆದ ಈ ಮನುಷ್ಯನೂ ಒಬ್ಬ.

ನಿಷೇಧ ತೆಗೆದ ಮರುವರ್ಷ, 1760ರಲ್ಲಿ, ಜರ್ಮನ್ ಮೂಲದ ಒಬರ್ಕಾಂಫ್ ಎಂಬ ಇಪ್ಪತ್ತೆರಡರ ಯುವಕ ರಾಜನ ಅರಮನೆಯಿದ್ದ ವರ್ಸೈ ಸಮೀಪದ ಜೂಯಿ ಎಂಬ ಹಳ್ಳಿಯಲ್ಲಿ ಅಚ್ಚಿನ ಕಾರ್ಖಾನೆ ತೆರೆದ. ಬಟ್ಟೆ ಜಾಲಾಡಲು ಬಿಯೆವ್ರ್ ನದಿಯ ನೀರು, ಒಣಹಾಕಲು ಹುಲ್ಲುಗಾವಲು, ಕೊಳ್ಳಲು ಪಕ್ಕದಲ್ಲೇ ಅರಮನೆ. ಮೊದಲಿಗೆ ಮರದ ಅಚ್ಚು. 1770ರಿಂದ ತಾಮ್ರದ ಹಲಗೆ ಬಂತು. ತಾಮ್ರದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯಬಹುದು, ಆದರೆ ಒಂದರ ಮೇಲೊಂದು ಬಣ್ಣವನ್ನು ಅಷ್ಟು ನಿಖರವಾಗಿ ಕೂರಿಸುವುದು ಕಷ್ಟ. ಹಾಗಾಗಿ ಒಂದೇ ಬಣ್ಣ, ಕಥೆ ಹೇಳುವ ದೊಡ್ಡ ಚಿತ್ರ. ನೀವು ಕಂಡ ನೀಲಿ ಕುರಿಹುಡುಗಿ ಒಂಟಿ ಬಣ್ಣದಲ್ಲಿರುವುದು ಈ ಕಾರಣಕ್ಕೆ. 1783ರಲ್ಲಿ ಹ್ಯುಯೆ ಎಂಬ ಚಿತ್ರಕಾರ ಜೂಯಿಗಾಗಿ ಬರೆದ ಮೊದಲ ವಿನ್ಯಾಸಗಳಲ್ಲೊಂದು ಕಾರ್ಖಾನೆಯ ಚಿತ್ರವೇ. ಬಟ್ಟೆ ಒಗೆಯುವವರು, ಹುಲ್ಲಿನ ಮೇಲೆ ಹರಡುವವರು, ಅಚ್ಚೊತ್ತುವವರು ಎಲ್ಲ ಅದೇ ಬಟ್ಟೆಯ ಮೇಲೆ ಮೂಡಿದ್ದಾರೆ. ಕಾರ್ಖಾನೆ 1843ರಲ್ಲಿ ಮುಚ್ಚಿತು. ನಿಜ ಹೇಳಬೇಕೆಂದರೆ ಅಲ್ಲಿ ತಯಾರಾದದ್ದರಲ್ಲಿ ಬಹುಪಾಲು ಹೂಬಳ್ಳಿಯ ಬಣ್ಣಬಣ್ಣದ ಬಟ್ಟೆ, ನಮ್ಮ ಚೀಟಿಯ ಅನುಕರಣೆ. ಜನರ ನೆನಪಿನಲ್ಲಿ ಉಳಿದದ್ದು ಕುರಿಹುಡುಗಿ. ನಾಂತ್, ರೂಆಂ ಮುಂತಾದ ಬೇರೆ ಊರುಗಳ ಅಂಥ ಬಟ್ಟೆಗೂ ಈಗ ಜೂಯಿಯ ಹೆಸರೇ.

ನಿಮ್ಮ ಮೇಡಂ ಹೇಳುವ ತ್ವಾಲ್ ಇದಕ್ಕಿಂತ ಸರಳ. ಪ್ಯಾರಿಸ್ಸಿನ ಹೊಲಿಗೆಮನೆಗಳಲ್ಲಿ ಹೊಸ ಉಡುಪನ್ನು ಮೊದಲು ಬಣ್ಣವಿಲ್ಲದ ಅಗ್ಗದ ಸಾದಾ ಬಟ್ಟೆಯಲ್ಲಿ ಬೊಂಬೆಯ ಮೇಲೆ ಕೂರಿಸಿ, ಗುಂಡುಸೂಜಿ ಚುಚ್ಚಿ, ಎಳೆಯ ದಿಕ್ಕನ್ನೂ ನಡುಗೆರೆಯನ್ನೂ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ಬಟ್ಟೆಯ ಹೆಸರೇ ಮಾದರಿಯ ಹೆಸರಾಯಿತು. ಅಮೆರಿಕದವರು ಅದನ್ನು ‘ಮಸ್ಲಿನ್’ ಎನ್ನುತ್ತಾರೆ. ಪುಸ್ತಕಗಳಲ್ಲಿ ಎರಡೂ ಕಂಡರೆ ಗಲಿಬಿಲಿ ಬೇಡ, ಎರಡೂ ಒಂದೇ. ಈ ಕಚ್ಚಾ ಮಾದರಿ ಕಸವೆಂದು ತಿಳಿಯಬೇಡಿ. ಕಳೆದ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ದೊಡ್ಡ ಮನೆಗಳು ತಮ್ಮ ತ್ವಾಲ್‌ಗಳನ್ನು ಅಮೆರಿಕದ ಉಡುಪು ತಯಾರಕರಿಗೆ ದುಡ್ಡಿಗೆ ಮಾರುತ್ತಿದ್ದವು. ಕೊಂಡವರು ಅದನ್ನು ಬಿಚ್ಚಿ, ಅಳತೆ ತೆಗೆದು, ಅದೇ ಉಡುಪನ್ನು ತಮ್ಮ ಊರಲ್ಲಿ ಹೊಲಿಸುತ್ತಿದ್ದರು. ನೀವು ಹೊಲಿದ ಒಳ್ಳೆಯ ತ್ವಾಲ್‌ಗಳನ್ನು ಗುರುತುಗಳ ಸಮೇತ ಎತ್ತಿಡಿ.

ಕೊಳ್ಳುವಾಗ ಮಾತ್ರ ಒಂದು ಎಚ್ಚರಿಕೆ. ಇಂಗ್ಲಿಷ್ ಬಳಸುವ ವ್ಯಾಪಾರಿಗಳಿಗೆ ‘ತ್ವಾಲ್’ ಎಂದರೆ ಈಗ ಆ ಒಂಟಿ ಬಣ್ಣದ ಚಿತ್ರದ ಶೈಲಿ ಅಷ್ಟೇ. ಗೋಡೆ ಕಾಗದದ ಮೇಲೆ, ಚಹಾ ಕಪ್ಪಿನ ಮೇಲೆ ಅದೇ ಚಿತ್ರ ಇದ್ದರೂ ತ್ವಾಲ್ ಎಂದೇ ಮಾರುತ್ತಾರೆ. ಪರದೆಯ ಲೇಬಲ್ಲಿನಲ್ಲಿ ಆ ಪದ ಕಂಡ ಮಾತ್ರಕ್ಕೆ ಹತ್ತಿಯೋ ಲಿನನ್ನೋ ಎಂದು ನಂಬಬೇಡಿ, ಪಾಲಿಯೆಸ್ಟರ್ ಆಗಿರುವುದೂ ಉಂಟು. ಅಂಚಿನಿಂದ ಒಂದೆಳೆ ಎಳೆದು ಸುಟ್ಟು ನೋಡಿ. ಹತ್ತಿ ಅಥವಾ ಲಿನನ್ ಆದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.